ಹತ್ತಿರ ಹೋಗುವುದು ಕೊನೆಯ ಹೆಜ್ಜೆ: ಮನೆ ಸುತ್ತಲಿನ ಹೂ, ಹುಳ, ಕಪ್ಪೆಗಳ ಕ್ಲೋಸಪ್ ಫೋಟೋ ತೆಗೆಯುವ ಕ್ರಮ

ಮಳೆ ಹಿಡಿದು ಹದಿನೈದು ದಿನ ಆಗುವಷ್ಟರಲ್ಲಿ ನನ್ನ ಫೋನು ತುಂಬಿಹೋಗುತ್ತದೆ. ಗೆಳೆಯರು, ನೆಂಟರು, ಅವರ ಮಕ್ಕಳು ಎಲ್ಲರೂ ಹಿತ್ತಲಲ್ಲಿ ಕಂಡದ್ದನ್ನು ತೆಗೆದು ಕಳಿಸುತ್ತಾರೆ. ಜೊತೆಗೆ ಒಂದೇ ಮಾತು: "ಯಾಕೋ ಸರಿ ಬರಲಿಲ್ಲ, ನೋಡಿ." ನೋಡಿದರೆ ತಪ್ಪುಗಳೂ ಅವೇ. ಚಿಟ್ಟೆಯ ರೆಕ್ಕೆ ತುದಿ ಸ್ಪಷ್ಟವಾಗಿದೆ, ಕಣ್ಣು ಮಬ್ಬು. ಕಪ್ಪೆಯ ಬೆನ್ನ ಮೇಲೆ ಫ್ಲ್ಯಾಶಿನ ಬಿಳಿ ಕಲೆ. ತುಂಬೆ ಹೂ ಸುಣ್ಣದ ಉಂಡೆಯ ಹಾಗೆ, ಒಂದು ಎಸಳೂ ಕಾಣುವುದಿಲ್ಲ.

ಎಲ್ಲರೂ ಕ್ಯಾಮೆರಾವನ್ನು ದೂರುತ್ತಾರೆ. ಕ್ಯಾಮೆರಾದ ತಪ್ಪು ಕಡಿಮೆ, ಕ್ರಮದ ತಪ್ಪು ಜಾಸ್ತಿ. ಹುಳ ಕಂಡ ಕೂಡಲೇ ಹತ್ತಿರ ಓಡುತ್ತೇವೆ, ಅಲ್ಲಿ ನಿಂತು ಬೆಳಕು ಹುಡುಕುತ್ತೇವೆ, ಆಮೇಲೆ ಕೈ ನಡುಗುತ್ತದೆ. ಅಷ್ಟರಲ್ಲಿ ಹುಳ ಹಾರಿರುತ್ತದೆ. ಇದನ್ನು ತಿರುಗಿಸಿ. ಮೊದಲು ನೋಡಿ, ಆಮೇಲೆ ಬೆಳಕು, ಆಮೇಲೆ ಹಿನ್ನೆಲೆ, ಆಮೇಲೆ ಮೈಗೆ ಆಧಾರ. ಹತ್ತಿರ ಹೋಗುವುದು ಕೊನೆಗೆ.

ನನ್ನ ಮನೆ ಮಲೆನಾಡಿನಲ್ಲಿ. ಹಾಗಾಗಿ ಉದಾಹರಣೆಗಳೆಲ್ಲ ಅಡಿಕೆ ತೋಟದ್ದು, ಗದ್ದೆ ಅಂಚಿನದು. ಬಯಲುಸೀಮೆಯ ಹೊಲದ ಬದುವಿಗೂ ಬೆಂಗಳೂರಿನ ಬಾಲ್ಕನಿಯ ಕುಂಡಕ್ಕೂ ಕ್ರಮ ಇದೇ.

## ಬೇಕಾಗುವ ಸಾಮಾನು

ಫೋನ್ ಮಾತ್ರ ಇದ್ದರೆ. ಮ್ಯಾಕ್ರೋ, ಅಂದರೆ ಅತಿ ಹತ್ತಿರದ ಫೋಟೋದ, ಮೋಡ್ ಒತ್ತಿದರೆ ಎಷ್ಟೋ ಫೋನುಗಳು ಅಗಲ ಕೋನದ ಲೆನ್ಸಿಗೆ ಬದಲಾಗುತ್ತವೆ. ಆಗ ಎರಡು ಮೂರು ಸೆಂಟಿಮೀಟರ್ ಹತ್ತಿರ ಹೋಗಬೇಕು. ಫೋನಿನ ನೆರಳೇ ಹೂವಿನ ಮೇಲೆ ಬೀಳುತ್ತದೆ, ಹುಳವಂತೂ ನಿಲ್ಲುವುದಿಲ್ಲ. ನನ್ನ ಸಲಹೆ: ಮುಖ್ಯ ಲೆನ್ಸಿನಲ್ಲಿ 2 ಪಟ್ಟು ಇಟ್ಟು, ಒಂದು ಗೇಣು ದೂರದಿಂದ ತೆಗೆಯಿರಿ, ಆಮೇಲೆ ಕ್ರಾಪ್ ಮಾಡಿ. ಕೆಲವು ಕಡಿಮೆ ಬೆಲೆಯ ಫೋನುಗಳಲ್ಲಿ 2 ಮೆಗಾಪಿಕ್ಸೆಲ್‌ನ ಪ್ರತ್ಯೇಕ ಮ್ಯಾಕ್ರೋ ಲೆನ್ಸ್ ಇರುತ್ತದೆ. ಅದಕ್ಕಿಂತ ಮುಖ್ಯ ಲೆನ್ಸಿನಲ್ಲಿ ತೆಗೆದು ಕ್ರಾಪ್ ಮಾಡಿದ್ದೇ ಚೆನ್ನಾಗಿರುತ್ತದೆ.

ಕ್ಯಾಮೆರಾ ಇದ್ದರೆ. 90ರಿಂದ 105 ಮಿಲಿಮೀಟರಿನ ಮ್ಯಾಕ್ರೋ ಲೆನ್ಸ್ ಹುಳ, ಕಪ್ಪೆ ಎರಡಕ್ಕೂ ಸರಿ. ಪೂರ್ತಿ ಹತ್ತಿರ ಹೋದಾಗಲೂ ಲೆನ್ಸಿನ ಮೂತಿಗೂ ಹುಳಕ್ಕೂ ನಡುವೆ 13-15 ಸೆಂಟಿಮೀಟರ್ ಉಳಿಯುತ್ತದೆ. 60 ಮಿಲಿಮೀಟರಿನದಾದರೆ ಉಳಿಯುವುದು 5ರಿಂದ 10 ಸೆಂಟಿಮೀಟರ್. ಅದು ಹೂವಿಗೆ ಸಾಕು, ಚಿಟ್ಟೆಗೆ ಸಾಲದು. ಪೆಟ್ಟಿಗೆಯ ಮೇಲೆ ಬರೆದಿರುವ "ಕನಿಷ್ಠ ಫೋಕಸ್ ದೂರ"ವನ್ನು ಅಳೆಯುವುದು ಕ್ಯಾಮೆರಾದೊಳಗಿನ ಸೆನ್ಸರ್‌ನಿಂದ, ಲೆನ್ಸಿನ ತುದಿಯಿಂದಲ್ಲ. ಕೊಳ್ಳುವಾಗ ತುಂಬ ಜನ ಇಲ್ಲೇ ಎಡವುತ್ತಾರೆ.

ಮ್ಯಾಕ್ರೋ ಲೆನ್ಸ್ ಕೊಳ್ಳಲು ಆಗದಿದ್ದರೆ ಎರಡು ದಾರಿ ಇದೆ. ಒಂದು, ಎಕ್ಸ್‌ಟೆನ್ಶನ್ ಟ್ಯೂಬ್, ಅಂದರೆ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರುವ ಟೊಳ್ಳು ಕೊಳವೆ. 50 ಮಿಲಿಮೀಟರ್ ಲೆನ್ಸಿನ ಹಿಂದೆ 25 ಮಿಲಿಮೀಟರ್ ಟ್ಯೂಬ್ ಹಾಕಿದರೆ ಸೆನ್ಸರ್ ಮೇಲೆ ಹುಳದ ನಿಜ ಗಾತ್ರದ ಸುಮಾರು ಅರ್ಧ ಸಿಗುತ್ತದೆ. ಇನ್ನೊಂದು, ಲೆನ್ಸಿನ ಮುಂದೆ ಕಚ್ಚಿಸುವ ಕ್ಲೋಸಪ್ ಲೆನ್ಸ್. ರೇನಾಕ್ಸ್ ಡಿಸಿಆರ್-250 ತರಹದ್ದು 8 ಡಯಾಪ್ಟರ್ ಶಕ್ತಿಯದು. ಜೂಮ್ ಲೆನ್ಸಿಗೆ ಹಾಕಿದರೆ ಹನ್ನೆರಡು ಸೆಂಟಿಮೀಟರ್ ಆಸುಪಾಸಿನಲ್ಲಿ ಫೋಕಸ್ ಆಗುತ್ತದೆ. ಮೊದಲ ಬಾರಿ ಮಾಡುವವರಿಗೆ ನಾನು ಹೇಳುವುದು ಈ ಎರಡನೆಯದನ್ನೇ. ಮಳೆಯಲ್ಲಿ ಲೆನ್ಸ್ ಬಿಚ್ಚುವ ಕೆಲಸ ಇರುವುದಿಲ್ಲ.

ಮನೆಯಲ್ಲೇ ಸಿಗುವುದು. ಮಂಡಿ ಊರಲು ಒಂದು ಅಡಿಕೆ ಹಾಳೆ ಅಥವಾ ಗೊಬ್ಬರದ ಖಾಲಿ ಚೀಲ. ಹಳೇ ಸಾಕ್ಸಿಗೆ ಮರಳು ತುಂಬಿ ಬಾಯಿ ಕಟ್ಟಿದರೆ ನೆಲಮಟ್ಟದಲ್ಲಿ ಕ್ಯಾಮೆರಾ ಇಡುವ ದಿಂಬು. ಒಂದು ಬಿಳಿ ಥರ್ಮಾಕೋಲ್ ತುಂಡು. ಬಟ್ಟೆ ಕ್ಲಿಪ್ಪು ಕಟ್ಟಿದ ಬಿದಿರು ಕಡ್ಡಿ. ಟಿವಿ, ಮಿಕ್ಸಿ ಪ್ಯಾಕಿಂಗಿನಲ್ಲಿ ಬರುವ ತೆಳು ಬಿಳಿ ಫೋಮ್ ಹಾಳೆ, ಇದನ್ನು ಎಸೆಯಬೇಡಿ. ಕೊನೆಗೊಂದು ಕೊಡೆ.

## ಹಂತ 1: ಕ್ಯಾಮೆರಾ ಬಿಟ್ಟು ಒಂದು ಸುತ್ತು ಹಾಕಿ

ಮೊದಲ ಎರಡು ದಿನ ಕ್ಯಾಮೆರಾ ಮುಟ್ಟಬೇಡಿ. ಬೆಳಿಗ್ಗೆ 6ರಿಂದ 8ರವರೆಗೆ ಮತ್ತು ಕತ್ತಲಾದ ಮೇಲೆ ಒಂದು ಗಂಟೆ, ಮನೆ ಸುತ್ತ ಐವತ್ತು ಹೆಜ್ಜೆಯೊಳಗೆ ನಿಧಾನ ಓಡಾಡಿ. ಯಾವ ಗಿಡದಲ್ಲಿ ಯಾರಿದ್ದಾರೆ ಎಂದು ಗುರುತು ಮಾಡಿಕೊಳ್ಳಿ.

ಕರಿಬೇವಿನ ಗಿಡ, ನಿಂಬೆ ಗಿಡಗಳ ಎಲೆ ನೋಡಿ. ಹಕ್ಕಿ ಹಿಕ್ಕೆಯ ಹಾಗೆ ಕಪ್ಪು-ಬಿಳುಪು ಕಾಣುವುದು ಹಿಕ್ಕೆಯೇ ಆಗಿರಬೇಕಿಲ್ಲ. ಕಾಮನ್ ಮಾರ್ಮನ್, ಲೈಮ್ ಚಿಟ್ಟೆಗಳ ಎಳೆ ಹುಳ ಹಾಗೇ ಇರುತ್ತದೆ. ಬೆಳೆದ ಮೇಲೆ ಹಸಿರಾಗುತ್ತದೆ. ಎಕ್ಕದ ಗಿಡದಲ್ಲಿ ಪ್ಲೇನ್ ಟೈಗರ್ ಚಿಟ್ಟೆಯ ಪಟ್ಟೆ ಹುಳ ಸಿಗುತ್ತದೆ. ಇವು ಓಡುವುದಿಲ್ಲ, ಹಾರುವುದಿಲ್ಲ. ಕಲಿಯುವವರಿಗೆ ಇವಕ್ಕಿಂತ ಒಳ್ಳೆಯ ಗುರು ಇಲ್ಲ. ಏರೋಪ್ಲೇನ್ ಚಿಟ್ಟೆ (ಡ್ರ್ಯಾಗನ್‌ಫ್ಲೈ) ಹಾರಿಹೋದರೂ ಎಷ್ಟೋ ಸಲ ಅದೇ ಕಡ್ಡಿಯ ತುದಿಗೆ ವಾಪಸ್ ಬಂದು ಕೂರುತ್ತದೆ. ಆ ಕಡ್ಡಿ ಯಾವುದು ಎಂದು ತಿಳಿದರೆ ನಿಮ್ಮ ಅರ್ಧ ಕೆಲಸ ಮುಗಿಯಿತು.

ಹೂಗಳಿಗೂ ಹೊತ್ತು ಇರುತ್ತದೆ. ವಿಷ್ಣುಕಾಂತಿಯ ನೀಲಿ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ನಾಚಿಕೆ ಮುಳ್ಳಿನ ಗುಲಾಬಿ ಚೆಂಡು ಬೆಳಿಗ್ಗೆ ನೆಟ್ಟಗೆ ನಿಂತಿರುತ್ತದೆ, ಸಂಜೆಗೆ ಬಾಡುತ್ತದೆ. ಊಟ ಮುಗಿಸಿ ಹೊರಟರೆ ಎರಡೂ ತಪ್ಪುತ್ತವೆ.

## ಹಂತ 2: ಬೆಳಕು ಗೊತ್ತು ಮಾಡಿಕೊಳ್ಳಿ

ಬೆಳಿಗ್ಗೆ ಹತ್ತರ ಮೇಲಿನ ನೇರ ಬಿಸಿಲಿನಲ್ಲಿ ಕ್ಲೋಸಪ್ ತೆಗೆಯಬೇಡಿ. ಒಂದು ಕಡೆ ಸುಟ್ಟ ಬಿಳುಪು, ಇನ್ನೊಂದು ಕಡೆ ಕಪ್ಪು ನೆರಳು ಬರುತ್ತದೆ. ಬೇರೆ ಹೊತ್ತು ಸಿಗುವುದೇ ಇಲ್ಲ ಎಂದಾದರೆ ಕೊಡೆ ಹಿಡಿದು ನೆರಳು ಮಾಡಿ. ಮೋಡ ಕವಿದ ದಿನವೇ ಈ ಕೆಲಸಕ್ಕೆ ಹಬ್ಬ. ಆಕಾಶವೆಲ್ಲ ಒಂದು ದೊಡ್ಡ ದೀಪದ ಹಾಗೆ ಇರುತ್ತದೆ.

ಒಂದು ಬದಿ ಕತ್ತಲಾಗಿದ್ದರೆ ಅಲ್ಲಿ ಥರ್ಮಾಕೋಲ್ ತುಂಡು ಹಿಡಿಯಿರಿ. ಬಿಸ್ಕತ್ ಪ್ಯಾಕೆಟ್ಟಿನ ಒಳಗಿನ ಬೆಳ್ಳಿ ಹಾಳೆ ಬೇಡ. ಅದು ಚುಕ್ಕೆ ಚುಕ್ಕೆಯಾಗಿ ಮಿನುಗುತ್ತದೆ.

ತೋಟದೊಳಗೆ ಬೆಳಕು ಕಡಿಮೆ, ರಾತ್ರಿ ಇಲ್ಲವೇ ಇಲ್ಲ. ಅಲ್ಲಿ ಫ್ಲ್ಯಾಶ್ ಬೇಕು, ಆದರೆ ಬರಿ ಫ್ಲ್ಯಾಶ್ ಬೇಡ. ಕಪ್ಪೆಯ ಒದ್ದೆ ಮೈ, ದುಂಬಿಯ ಬೆನ್ನು ಕನ್ನಡಿ ಇದ್ದ ಹಾಗೆ. ಸಣ್ಣ ದೀಪ ಕೊಟ್ಟರೆ ಸಣ್ಣ ಬಿಳಿ ಕಲೆ ಕಾಣುತ್ತದೆ. ದೊಡ್ಡ ಮೆತ್ತನೆ ಬೆಳಕು ಕೊಟ್ಟರೆ ಮೈಯ ಬಣ್ಣ ಕಾಣುತ್ತದೆ. ಅದಕ್ಕೇ ಡಿಫ್ಯೂಸರ್, ಬೆಳಕನ್ನು ಮೆತ್ತಗೆ ಮಾಡುವ ಪರದೆ. ಮಾಡುವುದು ಹೀಗೆ: ಆ ಪ್ಯಾಕಿಂಗ್ ಫೋಮನ್ನು ಎರಡು ಪದರ ಮಾಡಿ, ಫ್ಲ್ಯಾಶಿನ ಮುಂದಿನಿಂದ ಲೆನ್ಸಿನ ಮೂತಿಯ ಮೇಲೆ ಚಾವಣಿಯ ಹಾಗೆ ಬಾಗಿ ಬರುವಂತೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಅಗಲ ಒಂದು ಗೇಣು ಇರಲಿ. ಅದು ಹುಳಕ್ಕೆ ಹತ್ತಿರ ಇದ್ದಷ್ಟೂ ಬೆಳಕು ಮೆತ್ತಗೆ.

ಸರಿಯಾಗಿದೆಯೋ ಇಲ್ಲವೋ ನೋಡಲು ಅಡುಗೆಮನೆಯ ಸ್ಟೀಲ್ ಚಮಚದ ಬೆನ್ನಿನ ಫೋಟೋ ತೆಗೆಯಿರಿ. ಚಮಚದಲ್ಲಿ ಕಾಣುವ ಬಿಳುಪು ಅಗಲವಾಗಿ, ಅಂಚು ಕರಗಿದ ಹಾಗೆ ಇದ್ದರೆ ಸರಿ. ಮಧ್ಯದಲ್ಲಿ ಒಂದೇ ಉರಿಯುವ ಚುಕ್ಕೆ ಇದ್ದರೆ ಇನ್ನೊಂದು ಪದರ ಹಾಕಿ ಅಥವಾ ಫೋಮನ್ನು ಫ್ಲ್ಯಾಶಿನಿಂದ ದೂರ ಸರಿಸಿ.

## ಹಂತ 3: ಹಿನ್ನೆಲೆ ನೋಡಿ

ಹೂವಿನ ಹಿಂದೆ ಏನಿದೆ? ಬಿಳಿ ಪೈಪು, ಒಣ ಸೋಗೆ, ಆಕಾಶದ ತುಂಡು ಏನೇ ಇದ್ದರೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ನೀವು ಅರ್ಧ ಅಡಿ ಎಡಕ್ಕೆ ಸರಿಯಿರಿ, ಇಲ್ಲವೇ ಕೆಳಗೆ ಇಳಿಯಿರಿ. ಹಿನ್ನೆಲೆ ದೂರ ಇದ್ದಷ್ಟೂ ಕರಗುತ್ತದೆ.

ಅಡ್ಡ ಬರುವ ಹುಲ್ಲೆಸಳನ್ನು ಕೀಳಬೇಡಿ. ಕಡ್ಡಿಯಿಂದ ಬದಿಗೆ ಒರಗಿಸಿ, ಫೋಟೋ ಆದ ಮೇಲೆ ಬಿಟ್ಟುಬಿಡಿ.

## ಹಂತ 4: ಮೈಗೆ ಆಧಾರ ಕೊಡಿ

ಕೂರುವುದು, ಮಂಡಿ ಊರುವುದು, ಮಲಗುವುದು ಈ ಮೂರರಲ್ಲೇ ಕೆಲಸ. ನಿಂತು ಬಗ್ಗಿ ತೆಗೆದ ಫೋಟೋ ಬಹುತೇಕ ಅಲುಗಿರುತ್ತದೆ. ಅಷ್ಟೇ ಅಲ್ಲ, ಮೇಲಿನಿಂದ ನೋಡಿದ ಕಪ್ಪೆ ಬರೀ ಮಣ್ಣುಂಡೆ. ಅದರ ಕಣ್ಣಿನ ಮಟ್ಟಕ್ಕೆ ನಾವು ಇಳಿದಾಗಲೇ ಅದಕ್ಕೊಂದು ಮುಖ ಬರುತ್ತದೆ.

ಎರಡೂ ಮೊಣಕೈ ಎದೆಗೆ ಅಥವಾ ಮಂಡಿಗೆ ತಾಗಲಿ. ಎಡಗೈಯಲ್ಲಿ ಬಿದಿರು ಕಡ್ಡಿಯನ್ನು ನೆಲಕ್ಕೂರಿ ಹಿಡಿದು ಅದೇ ಕೈ ಮೇಲೆ ಲೆನ್ಸ್ ಇಡಿ. ನೆಲದ ಹೂವಿಗೆ ಮರಳಿನ ದಿಂಬು. ಉಸಿರು ಅರ್ಧ ಬಿಟ್ಟು, ಆಗ ಕ್ಲಿಕ್ ಮಾಡಿ. ಫೋನಾದರೆ ಪರದೆಗೆ ಬೆರಳು ಬಡಿಯಬೇಡಿ. 2 ಸೆಕೆಂಡ್ ಟೈಮರ್ ಇಡಿ ಅಥವಾ ವಾಲ್ಯೂಮ್ ಬಟನ್ ಒತ್ತಿ. ಲೆನ್ಸ್ ಒರೆಸಿಕೊಳ್ಳಿ. ಜೇಬಿನಿಂದ ತೆಗೆದ ಫೋನಿನ ಲೆನ್ಸಿಗೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ. ಫೋಟೋ ಪೂರ್ತಿ ಹಾಲು ಹಾಲಾಗಿ ಬಂದಿದ್ದರೆ ಕಾರಣ ಅದು.

## ಹಂತ 5: ಸೆಟ್ಟಿಂಗ್ ಮೊದಲೇ ಇಟ್ಟುಕೊಳ್ಳಿ

ಹುಳದ ಮುಂದೆ ಕೂತು ಗುಂಡಿ ತಿರುಗಿಸುವಂತಿಲ್ಲ. ಎಫ್ ಸಂಖ್ಯೆ ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು. ಶಟರ್ ಎಂದರೆ ಬೆಳಕು ಒಳಗೆ ಬರುವ ಹೊತ್ತು, ಸೆಕೆಂಡಿನ ಭಾಗದಲ್ಲಿ. ಐಎಸ್‌ಒ ಎಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ. ಹೊರಡುವ ಮೊದಲೇ ಹೀಗೆ ಇಟ್ಟುಕೊಳ್ಳಿ:

- ಹಗಲು ಬೆಳಕು: ಎಫ್/8, ಶಟರ್ 1/250ಕ್ಕಿಂತ ನಿಧಾನ ಆಗದಂತೆ ಆಟೋ ಐಎಸ್‌ಒ, ಮಿತಿ 3200.
- ಫ್ಲ್ಯಾಶ್: ಮ್ಯಾನ್ಯುಯಲ್, ಎಫ್/11, ಶಟರ್ 1/200, ಐಎಸ್‌ಒ 400, ಫ್ಲ್ಯಾಶ್ ಶಕ್ತಿ 1/16ರಿಂದ ಶುರು.
- ಫೋನ್: ಲೆನ್ಸ್ ತಾನಾಗಿ ಬದಲಾಗುವ ಮ್ಯಾಕ್ರೋ ಸೆಟ್ಟಿಂಗ್ ಆಫ್. ಹುಳದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ.

"ಎಲ್ಲ ಸ್ಪಷ್ಟವಾಗಿ ಬರಲಿ ಅಂತ ಎಫ್/22 ಇಟ್ಟೆ, ಇನ್ನೂ ಮೆತ್ತಗಾಯಿತು" ಎಂದು ಹೇಳುವವರು ತುಂಬ ಜನ. ಹುಳವನ್ನು ನಿಜ ಗಾತ್ರದಲ್ಲಿ ತೆಗೆಯುವಾಗ, ಅಂದರೆ 1:1ರಲ್ಲಿ, ಎಫ್/16 ಎಂದು ತೋರಿಸಿದರೂ ಅದು ಎಫ್/32ರ ಹಾಗೆ ನಡೆಯುತ್ತದೆ. ಅಷ್ಟು ಸಣ್ಣ ಕಿಂಡಿಯಲ್ಲಿ ತೂರುವಾಗ ಬೆಳಕೇ ಹರಡಿಕೊಂಡು ಚಿತ್ರ ಮೆತ್ತಗಾಗುತ್ತದೆ. ನನ್ನ ಮಟ್ಟಿಗೆ ಎಫ್/11 ದಾಟುವ ಅಗತ್ಯ ಅಪರೂಪ.

ಫ್ಲ್ಯಾಶಿನಲ್ಲಿ ಹಿನ್ನೆಲೆ ಪೂರ್ತಿ ಕಪ್ಪಾದರೆ ಐಎಸ್‌ಒ 800ಕ್ಕೆ ಏರಿಸಿ ಫ್ಲ್ಯಾಶ್ ಶಕ್ತಿಯನ್ನು ಅಷ್ಟೇ ಇಳಿಸಿ. ಹಗಲಾದರೆ ಸುತ್ತಲಿನ ಹಸಿರು ವಾಪಸ್ ಬರುತ್ತದೆ. ರಾತ್ರಿಯಾದರೆ ಹುಳದ ಹಿಂದೆ ಒಂದು ಗೇಣಿನೊಳಗೆ ಎಲೆ ಇರುವ ಕೋನ ಹುಡುಕಿ.

## ಹಂತ 6: ಈಗ ಹತ್ತಿರ ಹೋಗಿ

ಇಷ್ಟೆಲ್ಲ ಆದ ಮೇಲೆ ಕಾಲು ಮುಂದಿಡಿ. ನೇರ ನಡೆಯಬೇಡಿ. ದೂರದಲ್ಲೇ ಕುಳಿತು, ಕೂತ ಹಾಗೇ ಸರಿಯಿರಿ. ಎರಡು ಸರಿತ, ಒಂದು ನಿಲುಗಡೆ. ನಿಮ್ಮ ನೆರಳು ಅದರ ಮೇಲೆ ಬಿದ್ದ ಕ್ಷಣ ಚಿಟ್ಟೆ ಏಳುತ್ತದೆ. ಹಾಗಾಗಿ ಸೂರ್ಯ ಎಲ್ಲಿದ್ದಾನೆ ಎಂದು ಮೊದಲೇ ನೋಡಿಕೊಂಡಿರಬೇಕು.

ಪ್ರತಿ ನಿಲುಗಡೆಯಲ್ಲೂ ಒಂದು ಫೋಟೋ ತೆಗೆಯಿರಿ. ಒಂದು ಮೊಳ ದೂರದಿಂದ ಒಂದು, ಗೇಣು ದೂರದಿಂದ ಒಂದು. ಹಾರಿಹೋದರೂ ಕೈಯಲ್ಲಿ ಏನೋ ಉಳಿದಿರುತ್ತದೆ, ಗುರುತು ಹಿಡಿಯಲಾದರೂ ಆಗುತ್ತದೆ.

ಎಚ್ಚರಿಕೆಯ ಸೂಚನೆಗಳನ್ನು ಓದಲು ಕಲಿಯಿರಿ. ಚಿಟ್ಟೆ ರೆಕ್ಕೆಯನ್ನು ಬೇಗ ಬೇಗ ಮುಚ್ಚಿ ತೆರೆದರೆ, ಸೂರ್ಯನ ಕುದುರೆ ಮುಂಗಾಲೆತ್ತಿ ಮೈ ಹಿಂದಕ್ಕೆ ಎಳೆದರೆ, ಕಪ್ಪೆ ಕೂಗು ನಿಲ್ಲಿಸಿ ಮೈ ನೆಲಕ್ಕೆ ಒತ್ತಿದರೆ ನೀವು ಬೇಕಾದ್ದಕ್ಕಿಂತ ಹತ್ತಿರ ಬಂದಿದ್ದೀರಿ. ಅಲ್ಲೇ ನಿಲ್ಲಿ. ಐದು ನಿಮಿಷವಾದರೂ ಅದು ಸಹಜಕ್ಕೆ ಬರದಿದ್ದರೆ ಹಿಂದೆ ಸರಿಯಿರಿ.

ಕಣಜದ ಗೂಡು, ಹೆಜ್ಜೇನು ತಟ್ಟಿಗಳ ಹತ್ತಿರ ಈ ಪ್ರಯೋಗ ಬೇಡವೇ ಬೇಡ. ಕಂಬಳಿ ಹುಳಕ್ಕೆ ತಾಗಿದ ಎಲೆಯನ್ನೂ ಕೈಯಿಂದ ಸರಿಸಬೇಡಿ. ಚಗಳಿ ಇರುವೆ ಗೂಡಿನ ಕೆಳಗೆ ಕೂರುವ ಮೊದಲು ಒಮ್ಮೆ ತಲೆಯೆತ್ತಿ ನೋಡಿ.

## ಹಂತ 7: ಫೋಕಸ್, ಎಲ್ಲರೂ ಸೋಲುವ ಜಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. 1:1 ಗಾತ್ರದಲ್ಲಿ, ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ, ಎಫ್/8 ಇಟ್ಟರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿಲಿಮೀಟರ್. ಒಂದು ಸಣ್ಣ ಸಾಸಿವೆ ಕಾಳಿನಷ್ಟು. ಜೇನುನೊಣದ ಮೀಸೆಯ ಮೇಲೆ ಫೋಕಸ್ ಕೂತರೆ ಕಣ್ಣು ಹೋಯಿತು. ನಿಮ್ಮ ಉಸಿರಾಟಕ್ಕೆ ಕ್ಯಾಮೆರಾ ಅದಕ್ಕಿಂತ ಜಾಸ್ತಿ ಆಡುತ್ತದೆ.

ಮೊದಲ ಪರಿಹಾರ: ಅಷ್ಟು ಹತ್ತಿರ ಹೋಗಬೇಡಿ. ಅರ್ಧ ಗಾತ್ರಕ್ಕೆ ಹಿಂದೆ ಸರಿದರೆ ಅದೇ ಎಫ್/8ರಲ್ಲಿ ಆಳ ಸುಮಾರು 3 ಮಿಲಿಮೀಟರ್ ಆಗುತ್ತದೆ. ಮೂರು ಪಟ್ಟು! ಆಮೇಲೆ ಕ್ರಾಪ್ ಮಾಡಿ. ಕಲಿಯುವ ಮೊದಲ ಮಳೆಗಾಲ ಪೂರ್ತಿ ಅರ್ಧ ಗಾತ್ರದಲ್ಲೇ ತೆಗೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ.

ಎರಡನೆಯದು: ಫೋಕಸ್ ರಿಂಗ್ ತಿರುಗಿಸಬೇಡಿ. ಮ್ಯಾನ್ಯುಯಲ್ ಫೋಕಸ್‌ಗೆ ಹಾಕಿ, ಎಷ್ಟು ದೊಡ್ಡದಾಗಿ ಬೇಕೋ ಅಲ್ಲಿಗೆ ರಿಂಗ್ ನಿಲ್ಲಿಸಿ, ಮುಟ್ಟದೆ ಬಿಡಿ. ಈಗ ಇಡೀ ಮೈಯನ್ನು ತೊಟ್ಟಿಲು ತೂಗುವ ಹಾಗೆ ಅತಿ ನಿಧಾನವಾಗಿ ಹಿಂದೆ ಮುಂದೆ ಮಾಡಿ. ಕಣ್ಣು ಸ್ಪಷ್ಟವಾಗುವ ಕ್ಷಣ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಬರುವಾಗಲೇ ಮೂರು ನಾಲ್ಕು ಕ್ಲಿಕ್. ಸ್ಪಷ್ಟವಾದ ಮೇಲೆ ಒತ್ತಲು ಹೋದರೆ ತಡವಾಗಿರುತ್ತದೆ.

ಮೂರನೆಯದು: ಚಪ್ಪಟೆ ಕಡೆಯನ್ನು ಕ್ಯಾಮೆರಾಕ್ಕೆ ಸಮಾನಾಂತರ ಮಾಡಿ. ರೆಕ್ಕೆ ಮುಚ್ಚಿದ ಚಿಟ್ಟೆಯನ್ನು ಸರಿಯಾಗಿ ಪಕ್ಕದಿಂದ, ರೆಕ್ಕೆ ಬಿಚ್ಚಿದ್ದನ್ನು ಸರಿಯಾಗಿ ಮೇಲಿನಿಂದ ತೆಗೆದರೆ ಇರುವ ಆ ಒಂದೆರಡು ಮಿಲಿಮೀಟರಿನಲ್ಲೇ ಇಡೀ ರೆಕ್ಕೆ ಕೂರುತ್ತದೆ. ಓರೆ ನಿಂತರೆ ರೆಕ್ಕೆಯ ಒಂದು ಪಟ್ಟಿ ಮಾತ್ರ ಸಿಗುತ್ತದೆ.

ಯಾವುದಕ್ಕೆ ಫೋಕಸ್? ಕಣ್ಣಿದ್ದರೆ ಕಣ್ಣಿಗೆ, ಅದರಲ್ಲೂ ನಮಗೆ ಹತ್ತಿರದ ಕಣ್ಣಿಗೆ. ಹೂವಾದರೆ ಕೇಸರದ ತುದಿಗೆ. ಬೇರೆ ಬೇರೆ ಫೋಕಸ್‌ನ ಹತ್ತಾರು ಫೋಟೋ ಜೋಡಿಸುವ ಸ್ಟ್ಯಾಕಿಂಗ್ ಚೆಂದವೇ, ಆದರೆ ಗಾಳಿಯಿಲ್ಲದ ಬೆಳಗಿನಲ್ಲಿ ಅಲುಗದೆ ಕೂತ ಹುಳಕ್ಕೆ ಮಾತ್ರ. ಒಂದೇ ಫೋಟೋದಲ್ಲಿ ಕಣ್ಣು ಹಿಡಿಯಲು ಬಂದ ಮೇಲೆ ಅತ್ತ ಹೋಗಿ.

## ಹಂತ 8: ಹೂವು

ಹೂ ಓಡುವುದಿಲ್ಲ, ಆದರೆ ಗಾಳಿ ಬಿಡುವುದಿಲ್ಲ. ಕ್ಲಿಪ್ಪಿನ ಕಡ್ಡಿಯನ್ನು ನೆಲಕ್ಕೆ ಚುಚ್ಚಿ, ಹೂವಿನ ದಂಟು ಅದಕ್ಕೆ ಒರಗುವಂತೆ ಮಾಡಿ. ಕ್ಲಿಪ್ಪಿನ ಹಲ್ಲಿಗೆ ಬಟ್ಟೆ ಸುತ್ತಿರಲಿ. ಎಳೆ ದಂಟನ್ನು ನೇರ ಕಚ್ಚಿಸಿದರೆ ಮುರಿಯುತ್ತದೆ. ಗಾಳಿ ಒಂದೇ ಸಮ ಬೀಸುವುದಿಲ್ಲ, ನಡುನಡುವೆ ನಿಲ್ಲುತ್ತದೆ. ಆ ನಿಲುಗಡೆಗೆ ಕಾಯಿರಿ.

ಬಿಳಿ ಹೂವಿಗೆ ಬೆಳಕನ್ನು ಮುಕ್ಕಾಲು ಸ್ಟಾಪಿನಷ್ಟು ಇಳಿಸಿ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ತುಂಬೆಯ ಪುಟ್ಟ ತುಟಿಯ ಮೇಲಿನ ಸಣ್ಣ ರೋಮಗಳು ಆಗ ಕಾಣುತ್ತವೆ. ಕಡುಗೆಂಪು, ಕಡುಹಳದಿ ಹೂಗಳಲ್ಲಿ ಹಿಸ್ಟೋಗ್ರಾಮಿನ, ಅಂದರೆ ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆಯ, ಬಣ್ಣಗಳನ್ನು ಬೇರೆ ಬೇರೆಯಾಗಿ ನೋಡಿ. ಒಟ್ಟು ಬೆಳಕು ಸರಿ ಕಂಡರೂ ಕೆಂಪು ಮಾತ್ರ ಸುಟ್ಟಿರಬಹುದು.

ನಾಚಿಕೆ ಮುಳ್ಳಿನ ವಿಷಯ ಬೇರೆ. ಚೆಂಡು ತೆಗೆಯಲು ಹೋಗಿ ದಂಟು ಅಲುಗಿದರೆ ಎಲೆಗಳೆಲ್ಲ ಮಡಚಿಕೊಳ್ಳುತ್ತವೆ, ಹೂ ಬೋಳು ಕಡ್ಡಿಯ ಮೇಲೆ ನಿಂತ ಹಾಗೆ ಕಾಣುತ್ತದೆ. ಮತ್ತೆ ಬಿಚ್ಚಿಕೊಳ್ಳಲು ಹತ್ತಿಪ್ಪತ್ತು ನಿಮಿಷ ಬೇಕು. ಕೂತೇ ಕಾಯಿರಿ. ಆ ಹೊತ್ತಿನಲ್ಲಿ ಚೆಂಡನ್ನೇ ನೋಡಿ. ಒಂದು ಹೂ ಅಂದುಕೊಂಡದ್ದು ಹತ್ತಾರು ಪುಟ್ಟ ಹೂಗಳ ಗುಂಪು. ಗುಲಾಬಿ ಎಳೆಗಳೆಲ್ಲ ಕೇಸರಗಳು, ತುದಿಗೆ ಹಿಟ್ಟಿನ ಕಣದಂಥ ಚುಕ್ಕೆ. ಫೋಕಸ್ ಹೋಗಬೇಕಾದದ್ದು ನಮ್ಮ ಕಡೆಗೆ ಚಾಚಿದ ಆ ಚುಕ್ಕೆಗಳ ಮೇಲೆ. ಒಳಗಿನ ತಿರುಳಿನ ಮೇಲಲ್ಲ.

ಗೌರಿ ಹೂವನ್ನು ಕೆಳಗಿನಿಂದ, ಪಕ್ಕದಿಂದ ತೆಗೆಯಿರಿ. ದಳ ಮೇಲೆ ಮಡಚಿರುತ್ತದೆ, ಕೇಸರ ಛತ್ರಿ ಕಡ್ಡಿಯ ಹಾಗೆ ಸುತ್ತ ಚಾಚಿರುತ್ತದೆ. ಆ ಗಿಡದ ಎಲ್ಲ ಭಾಗವೂ ವಿಷ, ಗೆಡ್ಡೆಯಂತೂ ತುಂಬಾ. ಮಕ್ಕಳು ಜೊತೆಗಿದ್ದರೆ ಮೊದಲೇ ಹೇಳಿಬಿಡಿ.

## ಹಂತ 9: ಹುಳಗಳು

ಬೆಳಿಗ್ಗೆ ತಂಪು ಇರುವಾಗ ಹುಳದ ಮೈ ಚುರುಕಾಗಿರುವುದಿಲ್ಲ. ಇಬ್ಬನಿ ಹೊತ್ತು ಹುಲ್ಲಿನ ಮೇಲೆ ಸುಮ್ನೆ ಕೂತಿರುತ್ತವೆ. ಬಿಸಿಲು ತಾಗಿ ಮೈ ಕಾದ ಮೇಲೆ ಹಿಡಿಯುವುದು ಕಷ್ಟ. ಹಾಗಾಗಿ ಏರೋಪ್ಲೇನ್ ಚಿಟ್ಟೆ, ಮಿಡತೆಗಳಿಗೆ ಬೆಳಿಗ್ಗೆ ಏಳರ ಒಳಗೆ ಹೋಗಿ. ಜಿಗಿಯುವ ಜೇಡ ಹುಳದ ಜಾತಿಯಲ್ಲ, ಆದರೂ ಇಲ್ಲೇ ಹೇಳುತ್ತೇನೆ: ಗೋಡೆ, ಬಾಗಿಲ ಚೌಕಟ್ಟಿನಲ್ಲಿ ಹಗಲೆಲ್ಲ ಸಿಗುತ್ತದೆ, ಲೆನ್ಸ್ ತಂದರೆ ತಿರುಗಿ ನಮ್ಮನ್ನೇ ನೋಡುತ್ತದೆ. ಮುಂದಿನ ಎರಡು ದೊಡ್ಡ ಕಣ್ಣಿಗೆ ಫೋಕಸ್ ಅಭ್ಯಾಸ ಮಾಡಲು ಅದಕ್ಕಿಂತ ಒಳ್ಳೆಯದು ಮನೆಯೊಳಗೆ ಸಿಗುವುದಿಲ್ಲ.

ಒಂದು ಮಾತು ಖಡಾಖಂಡಿತ. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮಂಕಾಗಿಸಿ, ಅಂಟು ಹಚ್ಚಿ, ದಾರ ಕಟ್ಟಿ ಫೋಟೋ ತೆಗೆಯುವವರಿದ್ದಾರೆ. ಅದು ಹಿಂಸೆ. ಹಾಗೆ ತೆಗೆದ ಫೋಟೋ ಎಷ್ಟೇ ಸ್ಪಷ್ಟವಾಗಿದ್ದರೂ ಸುಳ್ಳು.

## ಹಂತ 10: ಕಪ್ಪೆಗಳು, ರಾತ್ರಿ ಕೆಲಸ

ಇಲ್ಲಿ ಮೊದಲ ನಿಯಮ ನಿಮ್ಮ ಸುರಕ್ಷೆ. ಕಪ್ಪೆ ಇರುವಲ್ಲಿಗೆ ಹಾವೂ ಬರುತ್ತದೆ. ಮೊಣಕಾಲವರೆಗಿನ ಗಂಬೂಟು, ಒಳ್ಳೆಯ ಟಾರ್ಚು, ಜೊತೆಗೊಬ್ಬರು, ಈ ಮೂರಿಲ್ಲದೆ ಹೊರಡಬೇಡಿ. ಮಂಡಿ ಊರುವ ಮೊದಲು ಆ ಜಾಗಕ್ಕೆ ಟಾರ್ಚ್ ಹಾಕಿ ನೋಡಿ, ತರಗೆಲೆಯನ್ನು ಕೋಲಿನಿಂದ ಸರಿಸಿ. ಕಟ್ಟಹಾವು, ಮಂಡಲದ ಹಾವು ಹೆಚ್ಚಾಗಿ ರಾತ್ರಿಯೇ ಓಡಾಡುವುದು. ಕಚ್ಚಿದರೆ ನಾಟಿ ಔಷಧಿ ಹುಡುಕಬೇಡಿ. ಕಚ್ಚಿದ ಭಾಗ ಅಲುಗಿಸದೆ ನೇರ ಆಸ್ಪತ್ರೆಗೆ, 108ಕ್ಕೆ ಕರೆ ಮಾಡಿ. ತೋಟದ ಸುತ್ತ ಕರೆಂಟ್ ಬೇಲಿ ಇದ್ದರೆ ಆಫ್ ಮಾಡಿದ್ದೀರಾ ಎಂದು ನೋಡಿಕೊಳ್ಳಿ.

ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಏನು ಹಚ್ಚುವುದಿದ್ದರೂ ಬೂಟಿಗೆ ಹಚ್ಚಿ, ಕೈಗೆ ಬೇಡ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನೀರನ್ನೂ ಚರ್ಮದಿಂದಲೇ ಹೀರುತ್ತದೆ. ನಮ್ಮ ಕೈಯ ಸೊಳ್ಳೆ ಎಣ್ಣೆ, ಸೋಪು, ಸ್ಯಾನಿಟೈಸರ್ ಎಲ್ಲ ಅದರ ಮೈಗೆ ಇಳಿಯುತ್ತದೆ. ಅದಕ್ಕೇ ಕಪ್ಪೆಯನ್ನು ಮುಟ್ಟಬೇಡಿ, ಎತ್ತಿ ಹೂವಿನ ಮೇಲೆ ಕೂರಿಸಬೇಡಿ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವುದಿದ್ದರೆ ಬೂಟಿನ ಕೆಸರು ತೊಳೆದು ಒಣಗಿಸಿ. ಕೈಟ್ರಿಡ್ ಎನ್ನುವ ಶಿಲೀಂಧ್ರ ರೋಗ ಒದ್ದೆ ಕೆಸರಿನ ಜೊತೆ ಸಾಗಬಲ್ಲದು.

ಹುಡುಕುವುದು ಕಿವಿಯಿಂದ. ಕೂಗುವುದು ಹೆಚ್ಚಾಗಿ ಗಂಡು. ಕೂಗಿನ ದಿಕ್ಕಿಗೆ ಹತ್ತು ಹೆಜ್ಜೆ ನಡೆದು ಟಾರ್ಚ್ ಆರಿಸಿ ನಿಲ್ಲಿ. ನೀವು ನಡೆದಾಗ ನೆಲದ ಅದುರಿಗೆ ಕೂಗು ನಿಲ್ಲುತ್ತದೆ. ಐದು ಹತ್ತು ನಿಮಿಷ ಅಲುಗದಿದ್ದರೆ ಮತ್ತೆ ಶುರುವಾಗುತ್ತದೆ. ಆಗ ಮಂದ ಬೆಳಕು ಹಾಕಿ, ನೇರ ಕಣ್ಣಿಗಲ್ಲ, ಪಕ್ಕದ ಎಲೆಗೆ. ಗಂಟಲ ಚೀಲ ಉಬ್ಬಿದ ಫೋಟೋ ಬೇಕಾದರೆ ಮೊದಲು ಕೂಗಿನ ಲಯ ಕೇಳಿ. ಉಬ್ಬಿದ್ದನ್ನು ಕಂಡ ಮೇಲೆ ಒತ್ತಿದರೆ ಇಳಿದಿರುತ್ತದೆ. ಲಯಕ್ಕೆ ಸರಿಯಾಗಿ ಒತ್ತಿ. ಒಂದು ಕಪ್ಪೆಗೆ ಹತ್ತು ಹದಿನೈದು ಫ್ಲ್ಯಾಶ್ ಸಾಕು. ಆಮೇಲೆ ಕತ್ತಲು ಮಾಡಿ ಹೊರಡಿ, ಅದು ಹೆಣ್ಣನ್ನು ಕರೆಯುತ್ತಿದೆ, ಅದರ ಹೊತ್ತನ್ನು ನಾವು ತಿನ್ನಬಾರದು.

ಸುಲಭಕ್ಕೆ ಸಿಗುವುದು ಬಚ್ಚಲಿಗೆ ಬರುವ ಮರಗಪ್ಪೆ. ಹಂಡೆಯ ಹಿಂದೆ, ಬಕೆಟ್ಟಿನ ಅಂಚಿನಲ್ಲಿ ಕೈಕಾಲು ಮಡಚಿ ಕೂತಿರುತ್ತದೆ. ಅದರ ಕಣ್ಣಿನ ಪಾಪೆ ಅಡ್ಡಗೆರೆಯ ಹಾಗೆ, ಸುತ್ತ ಹೊಂಬಣ್ಣದ ಜಾಲ. ಬೆರಳ ತುದಿಯ ಬಿಲ್ಲೆಗಳು ಗೋಡೆಗೆ ಒತ್ತಿಕೊಂಡು ಅಗಲವಾಗಿರುತ್ತವೆ. ಕಣ್ಣು ಮತ್ತು ಮುಂಗೈ ಎರಡೂ ಒಂದೇ ಫೋಕಸ್‌ಗೆ ಬರುವಂತೆ ಪಕ್ಕದಿಂದ ಕೋನ ಹುಡುಕಿ.

ಇನ್ನು ಮೊಟ್ಟೆಗಳು. ಮಳೆಗಾಲದಲ್ಲಿ ತೊಟ್ಟಿಯ ಗೋಡೆಗೆ, ನೀರಿನ ಮೇಲೆ ಚಾಚಿದ ಕೊಂಬೆಗೆ ಸೋಪಿನ ನೊರೆಯಂಥ ಮುದ್ದೆ ಅಂಟಿರುತ್ತದೆ. ಅದು ಮರಗಪ್ಪೆಗಳ ಗೂಡು. ಒಳಗೆ ಮರಿ ಬೆಳೆದು ನೊರೆ ಕರಗಿ ಕೆಳಗಿನ ನೀರಿಗೆ ಬೀಳಬೇಕು. ನಾನು ಕಲಿಯುವ ಕಾಲದಲ್ಲಿ, ಹಿನ್ನೆಲೆ ಚೆನ್ನಾಗಿ ಬರಲಿ ಎಂದು ಅಂಥ ಒಂದು ಕೊಂಬೆಯನ್ನು ಒಂದೂವರೆ ಅಡಿ ಎಳೆದು ಬಳ್ಳಿಯಿಂದ ಕಟ್ಟಿದೆ. ಬಿಚ್ಚಲು ಮರೆತೆ. ನಾಲ್ಕನೇ ದಿನ ಹೋಗಿ ನೋಡಿದರೆ ಮರಿಗಳು ಬಿದ್ದದ್ದು ತೊಟ್ಟಿಯ ಹೊರಗಿನ ಕಲ್ಲಿನ ಮೇಲೆ. ಒಂದೂ ಉಳಿದಿರಲಿಲ್ಲ. ಆ ಫೋಟೋವನ್ನು ನಾನು ಯಾರಿಗೂ ತೋರಿಸಿಲ್ಲ. ಗೂಡಿರುವ ಕೊಂಬೆ, ಎಲೆ, ಕಲ್ಲು ಯಾವುದನ್ನೂ ಅಲುಗಿಸಬೇಡಿ. ಹಳ್ಳದ ಬದಿಯ ಕಡ್ಡಿಗೆ ಕೆಸರು ಮೆತ್ತಿದ ಹಾಗೆ ಕಂಡರೆ ಅದನ್ನೂ ಕೆರೆದು ನೋಡಬೇಡಿ. ಉತ್ತರ ಕನ್ನಡದ ಕತ್ತಲೆಕಾನಿನಿಂದ 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆಯ ಗಂಡು ತನ್ನ ಮೊಟ್ಟೆಗಳ ಮೇಲೆ ಹಾಗೆ ಕೈಯಾರೆ ಮಣ್ಣು ಮೆತ್ತುತ್ತದೆ.

ಉಗುರಿನಷ್ಟು ಸಣ್ಣ ಕಪ್ಪೆಗಳನ್ನು ಮರಿ ಎಂದು ಬಿಟ್ಟುಬಿಡಬೇಡಿ. ಮಣಿಪಾಲದ ಸುತ್ತಲಿನ ಮುರಕಲ್ಲು ಬಯಲಿನ ಪುಟ್ಟ ಕಪ್ಪೆ ಹೊಸ ಜಾತಿ ಎಂದು 2016ರಲ್ಲಿ ಗೊತ್ತಾಯಿತು. ಮಂಗಳೂರು ನಗರದ ಮೈಕ್ರೋಹೈಲಾ ಕೊಡಿಯಾಲ್ ಎನ್ನುವ ಪುಟ್ಟ ಕಪ್ಪೆ 2018ರಲ್ಲಿ. ಎರಡೂ ಜನವಸತಿಯ ಪಕ್ಕದಲ್ಲೇ ಇದ್ದವು.

## ಹಂತ 11: ಮನೆಗೆ ಬಂದ ಮೇಲೆ

ಫೋಟೋಗಳನ್ನು ಪೂರ್ತಿ ದೊಡ್ಡದು ಮಾಡಿ ಕಣ್ಣು ನೋಡಿ. ಮಬ್ಬಾಗಿದ್ದರೆ ಯಾಕೆ ಎಂದು ಪತ್ತೆ ಮಾಡಿ. ಹುಳದ ಬೇರೆ ಯಾವುದೋ ಭಾಗ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಹಂತ 7ಕ್ಕೆ ಹೋಗಿ. ಎಲ್ಲೂ ಸ್ಪಷ್ಟವಿಲ್ಲದೆ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ಅಲುಗಿದೆ, ಹಂತ 4. ಹುಳ ಮಾತ್ರ ಎಳೆದು, ಪಕ್ಕದ ಎಲೆ ಸ್ಪಷ್ಟ ಇದ್ದರೆ ಅದು ಚಲಿಸಿದೆ. ಶಟರ್ ವೇಗ ಏರಿಸಿ.

ಹೆಸರು ತಿಳಿಯಬೇಕೆಂದರೆ ಒಂದು ಚೆಂದದ ಫೋಟೋ ಸಾಲದು. ಹೂವಿಗೆ ಎದುರು, ಪಕ್ಕ, ಎಲೆ, ಇಡೀ ಗಿಡ. ಚಿಟ್ಟೆಗೆ ರೆಕ್ಕೆಯ ಮೇಲೂ ಕೆಳಗೂ. ಕಪ್ಪೆಗೆ ಪಕ್ಕ, ಬೆನ್ನು, ಮತ್ತು ಫೋನಿನಲ್ಲಿ ಅರ್ಧ ನಿಮಿಷ ಕೂಗಿನ ರೆಕಾರ್ಡಿಂಗ್. ಪೊದೆಗಪ್ಪೆಗಳನ್ನು ಎಷ್ಟೋ ಸಲ ಮೈಗಿಂತ ಕೂಗಿನಿಂದಲೇ ಹೇಳಬಹುದು. ಇವನ್ನು ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎನ್ನುವ ಜಾಲತಾಣಕ್ಕೆ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ. ಸೀತಾಳೆ ದಂಡೆಯಂಥ ಆರ್ಕಿಡ್ ಆದರೆ ಜಾಗದ ಗುರುತು ಮರೆಮಾಡಿ. ಕಿತ್ತುಕೊಂಡು ಹೋಗುವವರು ಇದ್ದಾರೆ.

ಕೊನೆಯದಾಗಿ ಕ್ಯಾಮೆರಾ. ಒದ್ದೆ ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟರೆ ಒಂದು ಮಳೆಗಾಲದಲ್ಲಿ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟು ಬರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಒಂದು ಗಂಟೆ ಇಟ್ಟು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು ಬೇಡ, ಅದರ ಹಿಟ್ಟು ಸಂದಿಗೆ ಸೇರುತ್ತದೆ. ನೀಲಿ ಜೆಲ್ ಗುಲಾಬಿಯಾದರೆ ನೀರು ಕುಡಿದಿದೆ ಎಂದು ಅರ್ಥ. ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ. ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ, ಆ ನೀಲಿ ಬಣ್ಣದಲ್ಲಿ ಕೋಬಾಲ್ಟ್ ಇರುತ್ತದೆ. ಅದಕ್ಕೊಂದು ಹಳೇ ತಗಡು ಬೇರೆ ಇಟ್ಟುಕೊಳ್ಳಿ.